ಕುರ್ಚಿಗಳಿಗೆ ಟಿಕೆಟ್

ಬೆಳಗಿನ ತಿಂಡಿಯ ಹೊತ್ತಿಗೆ ಸೊಸೆ ಸೀಟಿ ಊದಿದಳೆಂದರೆ ಮನೆಯವರಿಗೆಲ್ಲ ಏನೋ ಗ್ರಹಚಾರ ಕಾದಿದೆಯೆಂದೇ ಅರ್ಥ. ಅವಳು ಹೆಣ್ಣುಮಕ್ಕಳ ಶಾಲೆಯ ಡ್ರಿಲ್ ಟೀಚರು. ಸೀಟಿ ಸದಾ ಕೊರಳಲ್ಲೇ ಇರುತ್ತಿತ್ತು. ಏಳು ತಿಂಗಳ ಹೊಟ್ಟೆ ಹೊತ್ತುಕೊಂಡೂ ಅವಳು ನಡೆಯುವ ವೇಗಕ್ಕೆ ಬೇರೆಯವರು ಓಡಬೇಕಾಗಿತ್ತು.

“ಎಲ್ಲರೂ ಕೇಳಿ. ಇನ್ನು ಎಂಟೇ ವಾರಕ್ಕೆ ಮಗು ಬರುತ್ತೆ. ಚಿಕ್ಕ ಕೋಣೆಯಲ್ಲಿ ಎಷ್ಟು ಕುರ್ಚಿ ಇವೆ ಗೊತ್ತಾ? ಇಪ್ಪತ್ತು! ಈಗ ತಾನೇ ಎಣಿಸಿ ಬಂದೆ. ಮಗೂನ ಎಲ್ಲಿ ಮಲಗಿಸೋದು? ಕುರ್ಚಿ ತೂತಲ್ಲಿ ತೂಗುಹಾಕೋದಾ?”

ಅವಳ ಗಂಡ ಬೆತ್ತದ ಕುರ್ಚಿ ಹೆಣೆಯುವವನು. ಕೂತು ಕೂತು ಹರಿದು ತೂತಾದ ಕುರ್ಚಿಗಳು ಪಟ್ಟಣದ ಮೂಲೆಮೂಲೆಯಿಂದ ಅವನ ಮನೆಗೆ ಬರುತ್ತಿದ್ದವು. ವಾರಕ್ಕೆ ನಾಲ್ಕು ಕುರ್ಚಿ ಹೆಣೆದು ಕಳಿಸುತ್ತಿದ್ದ. ಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಇಲ್ಲ ಅನ್ನುವ ಮಾತು ಮಾತ್ರ ಅವನ ಬಾಯಿಂದ ಹೊರಡುತ್ತಿರಲಿಲ್ಲ.

“ಖಾಲಿ ಮಾಡೋಣ ಬಿಡು, ಅದಕ್ಯಾಕೆ ಇಷ್ಟು...” ಎಂದ, ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ.

“ಬಿಡೋದೂ ಇಲ್ಲ, ಹಿಡಿಯೋದೂ ಇಲ್ಲ. ಕೋಣೆ ಖಾಲಿಯಾಗದಿದ್ರೆ ಆಸ್ಪತ್ರೆಯಿಂದ ಮಗು ಎತ್ಕೊಂಡು ಸೀದಾ ನಮ್ಮಕ್ಕನ ಮನೆಗೆ ಹೋಗ್ತೀನಿ. ಚೂಟೀನೂ ಕರ್ಕೊಂಡು.”

ಎಂಟು ವರ್ಷದ ಚೂಟಿ ಮೊಟ್ಟೆ ಬಿಡಿಸುತ್ತಿದ್ದವಳು ತಲೆಯೆತ್ತಿ, “ದೊಡ್ಡಮ್ಮನ ಮನೇಲಿ ಟೀವಿ ದೊಡ್ಡದು” ಎಂದಳು.

ಇದನ್ನೆಲ್ಲ ಕೇಳಿ ನಿಜವಾಗಿ ಎದೆ ಧಸಕ್ಕೆಂದದ್ದು ಅಜ್ಜಿಗೆ. ಬೀದಿಯವರೆಲ್ಲ ಆಕೆಯನ್ನು ಇವತ್ತಿಗೂ ಕರೆಯುವುದು ಕಂಡಕ್ಟರಮ್ಮ ಎಂದೇ. ಮೂವತ್ತೊಂದು ವರ್ಷ ಸಿಟಿ ಬಸ್ಸಿನಲ್ಲಿ ಟಿಕೆಟ್ ಹರಿದವಳು. ಚೂಟಿ ಹುಟ್ಟಿದ ದಿನ ಆಕೆ ಡ್ಯೂಟಿಯಲ್ಲಿದ್ದಳು. ಮೊಮ್ಮಗಳ ಮುಖ ನೋಡಿದ್ದು ಸಂಜೆ, ಅದೂ ಖಾಕಿ ಅಂಗಿಯಲ್ಲಿ, ಕೈಗೆಲ್ಲ ಟಿಕೆಟ್ ಮಸಿ ಮೆತ್ತಿಕೊಂಡು. ಎತ್ತಿಕೊಳ್ಳಲೂ ಬಿಡಲಿಲ್ಲ ನರ್ಸು. ಈ ಸಲ ಹಾಗಾಗಬಾರದು, ಮೊದಲ ದಿನದಿಂದಲೇ ಮಗು ತನ್ನ ಮಡಿಲಲ್ಲಿ ಬೆಳೆಯಬೇಕು ಎಂದು ನಿವೃತ್ತಿಯಾದಂದಿನಿಂದ ಆಸೆ ಕಟ್ಟಿಕೊಂಡು ಕೂತಿದ್ದಳು. ಈಗ ನೋಡಿದರೆ ಪರರ ಮನೆಯ ತೂತು ಕುರ್ಚಿಗಳು ಅಡ್ಡ ಬಂದು ನಿಂತಿವೆ.

“ಆ ಬಾಗಿಲ ಕೆಲಸ ನನಗೆ ಬಿಡಿ,” ಎಂದಳು. “ಇವನು ವಾರಕ್ಕೆ ಎಂಟು ಕುರ್ಚಿ ಒಳಗೆ ಬಿಟ್ಕೊಂಡ್ರೆ ಕೋಣೆ ಖಾಲಿಯಾಗೋದು ಯಾವ ಕಾಲಕ್ಕೆ? ಇನ್ಮೇಲೆ ಬರೋದನ್ನ ವಾರವಾರ ಇಳಿಸ್ತೀನಿ. ನನ್ನ ಕಣ್ತಪ್ಪಿಸಿ ಒಂದು ಸ್ಟೂಲ್ ಸಹ ಒಳಗೆ ಬರಲ್ಲ.”

ಆಡಿದ್ದಷ್ಟೇ ಅಲ್ಲ, ಮಾಡಿಯೂ ತೋರಿಸಿದಳು. ರಟ್ಟಿನ ಚೂರುಗಳನ್ನು ಕತ್ತರಿಸಿ ನಂಬರ್ ಹಾಕಿ ಟಿಕೆಟ್ ಮಾಡಿದಳು. ಒಳಗೆ ಬಂದ ಪ್ರತಿ ಕುರ್ಚಿಯ ಕಾಲಿಗೂ ಒಂದು ಟಿಕೆಟ್ ಕಟ್ಟುತ್ತಿದ್ದಳು. ಅದರ ಅರ್ಧ ಭಾಗ ಹರಿದು ತನ್ನ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ಬಾಗಿಲ ಗಂಟೆ ಬಾರಿಸಿದರೆ ಸಾಕು, ಮಗ ಹಿತ್ತಿಲಿಗೆ ಓಡಿ ಬೆತ್ತ ನೆನೆಹಾಕುವ ತೊಟ್ಟಿಯ ಹಿಂದೆ ಅಡಗುತ್ತಿದ್ದ. ಅವನಿಗೂ ಅದೇ ಬೇಕಾಗಿತ್ತು.

“ಎರಡು ಕುರ್ಚಿ ಇವೆ ಕಂಡಕ್ಟರಮ್ಮ,” ಎಂದು ಬೀದಿಯ ಕೊನೆಯ ಕ್ಷೌರಿಕ ಬಂದ.

“ಒಂದು ಬಿಟ್ಟು ಹೋಗು. ಇನ್ನೊಂದು ಮುಂದಿನ ವಾರ.”

“ಒಂದರಲ್ಲಿ ಗಿರಾಕಿ ಕೂತ್ರೆ ಇನ್ನೊಬ್ಬ ನಿಂತ್ಕೋಬೇಕಲ್ಲಮ್ಮ?”

“ನಿಂತ್ಕೊಂಡವರ ತಲೆ ಎಟುಕೋದು ಸುಲಭ, ಹೋಗಪ್ಪ.”

ಭಾನುವಾರದ ಮಧ್ಯಾಹ್ನ ಊಟಕ್ಕೆ ಕೂತಾಗ ಚೀಲದಿಂದ ಅರ್ಧ ಟಿಕೆಟ್‌ಗಳನ್ನು ಸುರಿದು ಎಲ್ಲರೆದುರು ಎಣಿಸಿದಳು. ಏಳು. ಮುಂದಿನ ಭಾನುವಾರ ಆರು. ಅದರ ಮುಂದಿನ ಭಾನುವಾರ ಐದು. ಎಂಟಿದ್ದದ್ದು ಮೂರೇ ವಾರದಲ್ಲಿ ಐದಕ್ಕೆ ಬಂದಿದೆ! ಮಗ ಅಮ್ಮನ ತಟ್ಟೆಗೆ ದೊಡ್ಡ ಆಲೂಗಡ್ಡೆ ಬಡಿಸಿದ. ಸೊಸೆಗೆ ಆ ಮೂರು ವಾರ ಶಾಲೆಯ ಆಟೋಟ ಸ್ಪರ್ಧೆಯ ಗಲಾಟೆ, ಚಿಕ್ಕ ಕೋಣೆಯ ಕಡೆ ತಲೆ ಹಾಕಲೂ ಪುರಸೊತ್ತಿರಲಿಲ್ಲ.

“ಇದೇ ಲೆಕ್ಕದಲ್ಲಿ ಹೋದ್ರೆ ಕೋಣೆಯಲ್ಲಿ ಇನ್ನೊಂದು ಹತ್ತು ಉಳಿದಿರಬಹುದು ಅಲ್ವಾ ಅತ್ತೆ?” ಎಂದಳು ಖುಷಿಯಿಂದ.

“ಹತ್ತೋ ಹನ್ನೆರಡೋ,” ಎಂದಳು ಕಂಡಕ್ಟರಮ್ಮ. ಎಣಿಸಿ ನೋಡಬೇಕೆಂದು ಆಕೆಗೆ ಅನಿಸಲೇ ಇಲ್ಲ. ಟಿಕೆಟ್ ಕೈಯಲ್ಲಿರುವಾಗ ಎಣಿಸುವುದೇನಿದೆ?

ಊಟ ಮುಗಿಸಿ ತೊಟ್ಟಿಲು ಎಲ್ಲಿ ಹಿಡಿಸುತ್ತದೆಂದು ಅಳೆಯಲು ಸೊಸೆ ಟೇಪು ಹಿಡಿದು ಹೋದಳು. ಬಾಗಿಲು ಅರ್ಧ ತೆರೆದು ನಿಂತುಬಿಟ್ಟಿತು. ಹೊಟ್ಟೆ ಒಳಗೆ ತೂರದೆ, ಚೂಟಿಯನ್ನು ಸಂದಿಯಲ್ಲಿ ನುಗ್ಗಿಸಿ ಎಣಿಸಲು ಹೇಳಿದಳು.

“ಇಪ್ಪತ್ತಾರು!” ಒಳಗಿಂದ ಕೂಗು ಬಂತು.

“ಸರಿಯಾಗಿ ಎಣಿಸು!”

“ಎರಡು ಸಲ ಎಣಿಸಿದೆ ಅಮ್ಮ. ಇಪ್ಪತ್ತಾರು. ಒಂದರ ತೂತಲ್ಲಿ ನನ್ನ ಕಾಲು ಸಿಕ್ಕಾಕ್ಕೊಂಡಿದೆ.”

ಆಮೇಲೆ ಆ ಮನೆಯಲ್ಲಿ ನಡೆದದ್ದು ಮೂರು ಮನೆಯಾಚೆಗೂ ಕೇಳಿಸಿತು.

“ಎಂಟು ಬರ್ತಿದ್ದದ್ದು ಐದಾದ್ರೆ, ಇಪ್ಪತ್ತಿದ್ದದ್ದು ಇಪ್ಪತ್ತಾರು ಹೇಗಾಗುತ್ತೆ? ಕುರ್ಚಿ ಮರಿ ಹಾಕ್ತಾ?” ಸೊಸೆ ಗಂಡನ ಮೇಲೆ ಎಗರಿದಳು. “ನೀವೇ ಹಿತ್ತಿಲ ಬಾಗಿಲಿಂದ ಒಳಗೆ ಬಿಟ್ಟಿದ್ದೀರ!”

“ಅಯ್ಯೋ, ನಾನಾ? ಗಂಟೆ ಹೊಡೆದ್ರೆ ತೊಟ್ಟಿ ಹಿಂದೆ ಕೂರ್ತೀನಿ ನಾನು! ನನ್ನ ಮೊಣಕಾಲು ನೋಡು, ಪಾಚಿ ಹತ್ತಿದೆ.”

“ಹಾಗಾದ್ರೆ ಇನ್ಯಾರು? ನಾನು ಶಾಲೇಲಿ, ಚೂಟಿ ಶಾಲೇಲಿ.” ಅತ್ತೆಯ ಕಡೆ ತಿರುಗಿದಳು. ಆಮೇಲೆ ಅಂದೇಬಿಟ್ಟಳು. “ಬಾಗಿಲಲ್ಲಿ ಇರೋರು ನೀವೊಬ್ರೇ ಅತ್ತೆ. ಯಾರ ಮುಲಾಜಿಗೋ ಟಿಕೆಟ್ ಕೊಡದೆ ಒಳಗೆ ಬಿಟ್ಟಿದ್ರೆ ಹೇಳಿಬಿಡಿ, ನಾನೇನೂ ಅನ್ನಲ್ಲ.”

ಟಿಕೆಟ್ ಕೊಡದೆ! ಮೂವತ್ತೊಂದು ವರ್ಷದಲ್ಲಿ ಚೆಕ್ಕಿಂಗಿನವರು ಎಷ್ಟು ಸಲ ಹತ್ತಿ ಇಳಿದಿಲ್ಲ, ಒಬ್ಬನೇ ಒಬ್ಬ ಆಕೆಯ ಬಸ್ಸಿನಲ್ಲಿ ಟಿಕೆಟ್ ಇಲ್ಲದ ತಲೆ ಹಿಡಿದಿರಲಿಲ್ಲ. ತನ್ನ ಸ್ವಂತ ತಮ್ಮನಿಗೇ ಟಿಕೆಟ್ ಹರಿದು ಕೈಗಿಟ್ಟವಳು. ಕಂಡಕ್ಟರಮ್ಮ ಟಿಕೆಟ್ ಚೀಲವನ್ನು ನೆಲಕ್ಕೆ ಕುಕ್ಕಿದಳು.

“ನಾನು ಸುಳ್ಳು ಹೇಳ್ತೀನಾ?”

“ಸುಳ್ಳು ಅಂತ ನಾನು ಹೇಳಲಿಲ್ಲ. ಕುರ್ಚಿ ಹೇಳ್ತಿವೆ.”

ಆವತ್ತಿಂದ ಸೊಸೆ ಸಂಜೆ ಶಾಲೆಯಿಂದ ಬಂದವಳೇ ಚೀಲವನ್ನೂ ಇಳಿಸದೆ ನೆಟ್ಟಗೆ ಚಿಕ್ಕ ಕೋಣೆಗೆ ಹೋಗಿ, ಬಾಗಿಲ ಸಂದಿಯಲ್ಲಿ ತಲೆ ತೂರಿಸಿ ಕುರ್ಚಿಗಳನ್ನು ತಾನೇ ಎಣಿಸತೊಡಗಿದಳು. ಒಂದು, ಎರಡು, ಮೂರು ಎನ್ನುವ ಆ ದನಿ ಅಡುಗೆಮನೆಗೆ ಕೇಳುತ್ತಿತ್ತು. ಒಂದೊಂದು ಅಂಕಿಯೂ ಕಂಡಕ್ಟರಮ್ಮನಿಗೆ ಕೆನ್ನೆಗೆ ಹೊಡೆದ ಹಾಗಾಗುತ್ತಿತ್ತು.

ಎರಡು ದಿನ ಸಹಿಸಿದಳು. ಮೂರನೆಯ ಬೆಳಿಗ್ಗೆ ಮುಖ ಊದಿಸಿಕೊಂಡು, ನಿವೃತ್ತರ ಪಾಸು ಕೈಯಲ್ಲಿ ಹಿಡಿದು, ತನ್ನ ಹಳೆಯ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಳು. ಮನಸ್ಸು ಕೆಟ್ಟಾಗ ಆಕೆ ಬಸ್ಸು ಹತ್ತುವುದು ವಾಡಿಕೆ. ಈಗಿನ ಕಂಡಕ್ಟರ್ ಆಕೆಯ ಕೈಕೆಳಗೆ ಕೆಲಸ ಕಲಿತವನು, ಈಗ ತಲೆಯ ಮುಕ್ಕಾಲು ಬೋಳಾಗಿತ್ತು. “ಏನಮ್ಮ, ಮನೇಲಿ ಯುದ್ಧವಾ?” ಎಂದ.

“ನಿನ್ನ ಕೆಲಸ ನೋಡು.”

ಮೊದಲ ಸ್ಟಾಪಿನಲ್ಲಿ ಹನ್ನೆರಡು ಜನ ಹತ್ತಿದರು. ಎರಡನೆಯದರಲ್ಲಿ ಒಂಬತ್ತು. ಮೂರನೆಯದರಲ್ಲಿ ಏಳು. ಎಣಿಸುವುದು ಆಕೆಯ ಹಳೆಯ ಚಟ, ಕಣ್ಣು ತಾನಾಗಿ ಎಣಿಸುತ್ತಿತ್ತು. ನಾಲ್ಕನೆಯದರಲ್ಲಿ ಬರೀ ಐದು. ಅಷ್ಟರಲ್ಲಿ ಯಾರದೋ ಕಂಕುಳು ಆಕೆಯ ಮೂಗಿಗೆ ಬಂದು ನಿಂತಿತ್ತು, ಇನ್ನಾರದೋ ಬುಟ್ಟಿ ಮಡಿಲಿಗೇ ಬಂದಿತ್ತು.

“ಏನ್ರೀ ಕಂಡಕ್ಟರ್, ಎಷ್ಟು ಜನ ತುಂಬಿಸ್ತೀರಿ? ನಾವೇನು ಮೂಟೆಗಳಾ?” ಹಿಂದಿನಿಂದ ಒಬ್ಬ ರೇಗಿದ.

“ಈ ಸ್ಟಾಪಲ್ಲಿ ಹತ್ತಿದ್ದು ಐದೇ ಜನ ಸ್ವಾಮಿ! ಮೊದಲ ಸ್ಟಾಪಲ್ಲಿ ಹನ್ನೆರಡು ಹತ್ತಿದ್ರು, ಆಗ ಸುಮ್ನಿದ್ರಿ!”

ಕಂಡಕ್ಟರಮ್ಮನಿಗೆ ನಗು ಬಂತು. ಇದೇ ಉತ್ತರವನ್ನು ತಾನೂ ಸಾವಿರ ಸಲ ಕೊಟ್ಟಿದ್ದಳು. “ಹತ್ತಿದ್ದು ಐದು ಸರಿ. ಇಳಿದವರೆಷ್ಟೋ, ಬೋಳಣ್ಣ?” ಎಂದು ಕೇಳಿದಳು, ತಮಾಷೆಗೆ.

“ಇಬ್ಬರು.”

ನಗುತ್ತಿದ್ದ ಬಾಯಿ ಹಾಗೇ ತೆರೆದುಕೊಂಡಿತು. ಮೂವತ್ತೊಂದು ವರ್ಷ ಹತ್ತಿದವರಿಗೆಲ್ಲ ಟಿಕೆಟ್ ಕೊಟ್ಟಿದ್ದಳು. ಇಳಿಯುವವರಿಗೆ ಯಾರು ಟಿಕೆಟ್ ಕೊಡುತ್ತಾರೆ? ಅವರ ಲೆಕ್ಕವನ್ನು ಯಾವ ಚೆಕ್ಕಿಂಗಿನವನೂ ಆಕೆಯನ್ನು ಕೇಳಿರಲಿಲ್ಲ, ಆಕೆಯೂ ಇಟ್ಟಿರಲಿಲ್ಲ. ಮನೆಯ ಬಾಗಿಲಲ್ಲೂ ಅದನ್ನೇ ಮಾಡಿದ್ದಳು.

“ಹೋಲ್ಡಾನ್! ಹೋಲ್ಡಾನ್!” ಎಂದು ಕೂಗುತ್ತಾ, ಬುಟ್ಟಿಯನ್ನು ಅದರ ಯಜಮಾನಿಯ ತಲೆ ಮೇಲಿಟ್ಟು, ಜನರನ್ನು ಸೀಳಿಕೊಂಡು ಇಳಿದಳು.

ಆವತ್ತು ರಾತ್ರಿ ಊಟಕ್ಕೆ ಆಕೆ ಬೇಕೆಂದೇ ಬಟಾಣಿ ಬೇಯಿಸಿದ್ದಳು.

“ಚೂಟಿ, ತಟ್ಟೆ ತಾ.”

“ಅಜ್ಜೀ, ಬಟಾಣಿ ಬೇಡ!”

“ತಿನ್ನೋದಕ್ಕಲ್ಲ ಕಣೆ, ಲೆಕ್ಕಕ್ಕೆ. ಸರಿ, ತಿನ್ನೋದಕ್ಕೂ. ಏಳು ಹಾಕ್ದೆ. ನಾಲ್ಕು ತಿನ್ನು.”

ಚೂಟಿ ಔಷಧಿ ನುಂಗುವಂತೆ ನಾಲ್ಕು ನುಂಗಿದಳು. ಅಜ್ಜಿ ಆರು ಹಾಕಿದಳು. ಮತ್ತೆ ನಾಲ್ಕು ಹೋದವು. ಆಮೇಲೆ ಐದು ಹಾಕಿದಳು, ಮತ್ತೆ ನಾಲ್ಕು ಹೋದವು.

“ಇದೆಂಥ ಮೋಸ!” ಚೂಟಿ ಅಳುವಂತಾದಳು. “ಅಜ್ಜಿ ಕಮ್ಮಿ ಕಮ್ಮಿ ಹಾಕ್ತಿದ್ದಾರೆ, ತಟ್ಟೇಲಿ ಮಾತ್ರ ಜಾಸ್ತಿ ಆಗ್ತಾನೇ ಇದೆ!”

“ಎಷ್ಟಿವೆ ಹೇಳು.”

“ಆರು.”

ಸೊಸೆಯ ಚಮಚ ಬಾಯಿಯ ಹತ್ತಿರವೇ ನಿಂತಿತು. “ಏಳು, ಆರು, ಐದು... ಇವರು ಹೆಣೆದು ಕಳಿಸೋದು ನಾಲ್ಕು...” ಬೆರಳು ಮಡಿಸಿದಳು. “ಇಪ್ಪತ್ತಕ್ಕೆ ಆರು ಸೇರಿದ್ರೆ ಇಪ್ಪತ್ತಾರು.”

“ಹಿತ್ತಿಲ ಬಾಗಿಲಿಂದ ಯಾರೂ ತರಲಿಲ್ಲ ಕಣಮ್ಮ. ಮುಂದಿನ ಬಾಗಿಲಿಂದಲೇ ಬಂದಿವೆ, ಟಿಕೆಟ್ ತಗೊಂಡೇ. ಬರೋದು ಕಮ್ಮಿಯಾಗ್ತಿದೆ ಅಂತ ಹಿಗ್ಗಿದ್ವಿ. ಹೋಗೋದಕ್ಕಿಂತ ಕಮ್ಮಿ ಆಗ್ಲಿಲ್ಲವಲ್ಲ!”

ಮಗ ಹೋ ಎಂದು ನಕ್ಕ. ಚೂಟಿ ಆ ಆರು ಬಟಾಣಿಗಳನ್ನು ಸದ್ದಿಲ್ಲದೆ ಅಪ್ಪನ ತಟ್ಟೆಗೆ ದಾಟಿಸಿದಳು. ಸೊಸೆ, “ಲೆಕ್ಕ ಸರಿಯಾಗಿದೆ ಅತ್ತೆ” ಎಂದಳು. ಕಂಡಕ್ಟರಮ್ಮ ಸೌಟು ಹಿಡಿದುಕೊಂಡು ಇನ್ನೊಂದು ಮಾತಿಗೆ ಕಾದಳು. ಆ ಮಾತು ಬರಲಿಲ್ಲ. ತಪ್ಪೊಪ್ಪಿಕೊಳ್ಳುವ ವಿಷಯದಲ್ಲಿ ಡ್ರಿಲ್ ಟೀಚರು ಸ್ವಲ್ಪ ಗಟ್ಟಿ ಆಸಾಮಿ.

“ಹಾಗಾದ್ರೆ ವಾರಕ್ಕೆ ಮೂರೇ ತಗೊಳ್ಳೋಣ,” ಎಂದ ಮಗ ಉತ್ಸಾಹದಿಂದ. “ನಾಲ್ಕು ಹೋಗುತ್ತೆ, ಮೂರು ಬರುತ್ತೆ. ಖಾಲಿ ಆಗ್ಲೇಬೇಕಲ್ಲ?”

“ಆಗುತ್ತೆ. ಇಪ್ಪತ್ತಾರು ವಾರಕ್ಕೆ,” ಎಂದಳು ಹೆಂಡತಿ. “ಅಷ್ಟೊತ್ತಿಗೆ ನಿಮ್ಮ ಮಗು ಮಗುಚಿಕೊಂಡು, ತೆವಳ್ಕೊಂಡು ಹೋಗಿ ಕೊನೇ ಕುರ್ಚಿ ತಾನೇ ಆಚೆ ತಳ್ಳುತ್ತೆ.”

ನಾಲ್ವರೂ ಸೇರಿ ಚಿಕ್ಕ ಕೋಣೆಯ ಕುರ್ಚಿಗಳನ್ನೆಲ್ಲ ಅಂಗಳಕ್ಕೆ ಎಳೆದದ್ದು ಮರುದಿನ ಸಂಜೆ. ಆಗ ಹೊರಬಿತ್ತು ಇನ್ನೊಂದು ಗುಟ್ಟು. ಒಂಬತ್ತು ಕುರ್ಚಿಗಳು ತಳದಲ್ಲಿ ಹೆಣೆದು ಮುಗಿದೇ ಕೂತಿದ್ದವು. ಧೂಳು ಕೊಡವಿದರೆ ಬೆತ್ತ ಫಳಫಳ ಹೊಳೆಯಿತು.

“ಇವು ಯಾವಾಗ ಆಗಿದ್ದು?” ಹೆಂಡತಿ ಸೊಂಟದ ಮೇಲೆ ಕೈಯಿಟ್ಟಳು.

“ಹೋದ ವರ್ಷವೇ ಇರಬೇಕು,” ಎಂದ ಗಂಡ, ತಲೆ ಕೆರೆದುಕೊಂಡು. “ಅವರು ಬಂದು ತಗೊಂಡು ಹೋಗ್ತೀವಿ ಅಂದಿದ್ರು. ಪಾಪ, ಏನು ತೊಂದರೆಯೋ ಏನೋ.”

“ಪಾಪ ನಾವು! ನಾವು ಪಾಪ!”

ಕಂಡಕ್ಟರಮ್ಮ ಸೆರಗು ಬಿಗಿದಳು. “ಕೊನೇ ಸ್ಟಾಪು ಬಂದ್ರೂ ಇಳಿಯದವರನ್ನ ಇಳಿಸೋದು ನನಗೆ ಗೊತ್ತು.”

ಮರುದಿನ ಬೋಳಣ್ಣನ ಬಸ್ಸು ಸ್ಟಾಪಿಗೆ ಬಂದಾಗ ಅಲ್ಲಿ ಕಂಡಕ್ಟರಮ್ಮ, ಎರಡು ಕುರ್ಚಿ ಮತ್ತು ಒಂದು ತೋಳುಕುರ್ಚಿ ಸಾಲಾಗಿ ನಿಂತಿದ್ದವು. ಬೋಳಣ್ಣ ಕಣ್ಣು ಕಣ್ಣು ಬಿಟ್ಟ.

“ಅಮ್ಮ, ಇವಕ್ಕೆ ಟಿಕೆಟ್?”

“ಕೊಡಪ್ಪ, ಮೂರು. ನಾನು ಯಾವತ್ತು ಪುಕ್ಕಟೆ ಕೂಡಿಸಿದ್ದೀನಿ?”

ಬಸ್ಸು ಹೊರಟಿತು. ನಿಂತಿದ್ದ ಮುದುಕಿಯೊಬ್ಬಳು ಸುತ್ತ ನೋಡಿ, ಮೆಲ್ಲಗೆ ತೋಳುಕುರ್ಚಿಯಲ್ಲಿ ಕುಳಿತು ಕಾಲು ಚಾಚಿದಳು. ಇನ್ನಿಬ್ಬರು ಉಳಿದೆರಡನ್ನು ಹಿಡಿದರು. ಬಸ್ಸು ತಿರುವು ತೆಗೆದುಕೊಂಡಾಗ ಮೂವರೂ ಕುರ್ಚಿ ಸಮೇತ ಎಡಕ್ಕೆ ಜಾರಿದರು, ಮತ್ತೆ ಬಲಕ್ಕೆ ಜಾರಿದರು, ಬಸ್ಸೆಲ್ಲ ಬಿದ್ದು ಬಿದ್ದು ನಕ್ಕಿತು. ತನ್ನ ಸ್ಟಾಪು ಬಂದರೂ ಮುದುಕಿ ಏಳಲೊಲ್ಲಳು. “ಇದು ಎಲ್ಲಿ ಹೆಣೆಸಿದ್ದು ತಾಯಿ? ನಮ್ಮನೇಲೂ ನಾಲ್ಕಿವೆ,” ಎಂದಳು.

ಕಂಡಕ್ಟರಮ್ಮನ ಜೀವ ಹಾರಿಹೋಯಿತು. “ಇನ್ನೊಂದೂವರೆ ತಿಂಗಳು ಬಿಟ್ಟು ಬನ್ನಿ,” ಎಂದು ಮುಂದಿನ ತಾರೀಖು ಬರೆದ ಟಿಕೆಟ್ ಕೈಗಿಟ್ಟಳು. ಅದೇ ಉಪಾಯವಾಯಿತು. ಆಮೇಲೆ ಬಾಗಿಲಿಗೆ ಕುರ್ಚಿ ಹೊತ್ತು ಬಂದವರಿಗೆಲ್ಲ ಮುಂದಿನ ತಾರೀಖಿನ ಟಿಕೆಟ್. “ಈಗ ಫುಲ್ ಆಗಿದೆ. ಹಿಂದೇನೇ ಇನ್ನೊಂದು ಬಸ್ಸು ಬರ್ತಿದೆ, ಖಾಲಿ ಖಾಲಿ!” ಎನ್ನುತ್ತಿದ್ದಳು. ಮೂವತ್ತೊಂದು ವರ್ಷ ಜನರಿಗೆ ಹೇಳಿದ ಸುಳ್ಳು ಈ ಸಲ ನಿಜವಾಗುವುದರಲ್ಲಿತ್ತು. ಜನ ಬೈದುಕೊಂಡರೂ ಟಿಕೆಟ್ಟನ್ನು ಜೋಪಾನವಾಗಿ ಕಿಸೆಗೆ ಹಾಕಿಕೊಂಡು ಹೋದರು.

ಮನೆಯಲ್ಲಿ ಬೆತ್ತ ನೆನೆಯುವ ತೊಟ್ಟಿಗೆ ಬಿಡುವಿರಲಿಲ್ಲ. ಚೂಟಿ ಹಳೆಯ ಬೆತ್ತ ಕಿತ್ತು ಚೌಕಟ್ಟಿನ ತೂತುಗಳನ್ನು ಮೊಳೆಯಿಂದ ಚೊಕ್ಕ ಮಾಡಿದಳು. ಕಂಡಕ್ಟರಮ್ಮ ಮಗನ ಪಕ್ಕ ಕೂತು ಹೆಣೆಯಲು ಕಲಿತಳು. ಮೊದಲ ಕುರ್ಚಿಯನ್ನು ಮಗ ಪೂರ್ತಿ ಬಿಚ್ಚಿಸಿದ.

“ಹೋಗ್ಲಿ ಬಿಡೋ, ಕೂತ ಮೇಲೆ ಯಾರು ನೋಡ್ತಾರೆ?”

“ಎದ್ದ ಮೇಲೆ ನೋಡ್ತಾರಮ್ಮ.”

ಆಕೆಯ ಕೈಯಿಂದ ವಾರಕ್ಕೊಂದು, ಅವನದು ನಾಲ್ಕು. ಸೊಸೆ ಮುಂದಿನ ಕೋಣೆಯಲ್ಲಿ ಕಾಲು ಮೇಲಿಟ್ಟುಕೊಂಡು ಬೆತ್ತದ ಎಳೆಗಳನ್ನು ಅಗಲ ನೋಡಿ ಬೇರ್ಪಡಿಸುತ್ತಿದ್ದಳು. ಹೆಣಿಗೆ ನಿಧಾನವಾದರೆ ಸೀಟಿ ಊದುತ್ತಿದ್ದಳು. ಮೊದಲ ವಾರ ಬಸ್ಸಿನಲ್ಲಿ ಐದು ಅವರವರ ಮನೆಗೆ ಹೋದವು, ಹೆಣೆದು ಐದು ಹೋದವು, ಹದಿನಾರು ಉಳಿದವು. ಎರಡನೆಯ ವಾರದ ಕೊನೆಗೆ ಏಳು. ಚಿಕ್ಕ ಕೋಣೆಯ ಕಿಟಕಿ ಕಾಣಿಸಿದ ದಿನ ಎಲ್ಲರೂ ಹೋಗಿ ನೋಡಿ ಬಂದರು, ಅಲ್ಲೊಂದು ಕಿಟಕಿಯಿದ್ದದ್ದು ಚೂಟಿಗೆ ಗೊತ್ತೇ ಇರಲಿಲ್ಲ.

ಆದರೂ ಸಂಜೆಯ ಎಣಿಕೆ ಮಾತ್ರ ನಿಲ್ಲಲಿಲ್ಲ. “ಏಳಿವೆ ಕಣಮ್ಮ,” ಎಂದು ಕಂಡಕ್ಟರಮ್ಮ ಅಡುಗೆಮನೆಯಿಂದಲೇ ಕೂಗಿದರೂ ಸೊಸೆ ಹೋಗಿ, ಒಂದು, ಎರಡು, ಮೂರು ಎಂದು ಎಣಿಸಿಯೇ ಬರುತ್ತಿದ್ದಳು. ಕಂಡಕ್ಟರಮ್ಮ ಒಳಗೊಳಗೇ ನೊಂದುಕೊಳ್ಳುತ್ತಿದ್ದಳು. ಕೋಣೆ ಖಾಲಿಯಾಗುತ್ತಿದ್ದರೂ ಟಿಕೆಟ್ ಕೊಡದೆ ಬಿಟ್ಟಳೆಂಬ ಆ ಮಾತು ಮಾತ್ರ ಎದೆಯಿಂದ ಖಾಲಿಯಾಗಿರಲಿಲ್ಲ.

ಎರಡು ಕುರ್ಚಿ ಉಳಿದಿದ್ದ ದಿನ ಮಧ್ಯಾಹ್ನ ಸೊಸೆ ಶಾಲೆಯ ಮೈದಾನದಿಂದಲೇ ಫೋನ್ ಮಾಡಿದಳು. “ಒಂದು ವಾರ ಮುಂಚೆನೇ ಬರೋ ಹಾಗಿದೆ. ಗಾಬರಿ ಬೀಳಬೇಡಿ. ನಾನು ನಡ್ಕೊಂಡೇ ಆಸ್ಪತ್ರೆಗೆ ಹೋಗ್ತಿದ್ದೀನಿ.” ಮಗ ಕೈಯಲ್ಲಿ ಒದ್ದೆ ಬೆತ್ತ ಹಿಡಿದುಕೊಂಡೇ ಓಡಿದ. ಚೂಟಿ ಅವನ ಹಿಂದೆ ಓಡಿದಳು. ಕಂಡಕ್ಟರಮ್ಮ ಬಾಗಿಲ ತನಕ ಓಡಿ, ತಿರುಗಿ ಆ ಎರಡು ಕುರ್ಚಿಗಳನ್ನು ನೋಡಿದಳು. ಮೊದಲ ದಿನವೇ ಮಗುವನ್ನು ನೋಡಬೇಕೆಂಬ ಆಸೆ ಒಂದು ಕಡೆ ಎಳೆಯಿತು. ಆದರೆ ಹೋಗಿ ನೋಡಿ, ಆಮೇಲೆ ಮಗು ಸೊಸೆಯ ಅಕ್ಕನ ಮನೆಗೆ ಹೋದರೆ? ಕುಕ್ಕರಗಾಲಲ್ಲಿ ಕೂತು ಹೆಣೆಯತೊಡಗಿದಳು. ಸಂಜೆಯ ಹೊತ್ತಿಗೆ ಗಂಡುಮಗು ಎಂದು ಸುದ್ದಿ ಬಂತು. ಆಕೆ ಅಳುತ್ತಲೇ ಬೆತ್ತದ ಎಳೆ ಬಿಗಿದಳು, ಬಿಗಿಯುತ್ತಲೇ ನಕ್ಕಳು.

ಮಗ ಮನೆಗೆ ಬಂದಾಗಲೆಲ್ಲ ತಾನೂ ಕೈ ಹಾಕಿದ. ಎರಡೂ ಕುರ್ಚಿ ಮೂರನೆಯ ದಿನ ಬೆಳಿಗ್ಗೆ ಅವರವರ ಮನೆ ಸೇರಿದವು. ಕಂಡಕ್ಟರಮ್ಮ ಚಿಕ್ಕ ಕೋಣೆಯನ್ನು ಮೂರು ಸಲ ಗುಡಿಸಿ, ಎರಡು ಸಲ ಒರೆಸಿ, ಕಿಟಕಿಯ ಗಾಜು ಉಜ್ಜಿ, ತೊಟ್ಟಿಲಿಟ್ಟು, ಬಾಗಿಲನ್ನು ಪೂರ್ತಿ ತೆರೆದಿಟ್ಟಳು. ಸೊಸೆ ಬಂದವಳೇ ನೋಡಲಿ. ಎಷ್ಟು ಬೇಕಾದರೂ ಎಣಿಸಲಿ!

ಮಧ್ಯಾಹ್ನ ಎಲ್ಲರೂ ಬಂದರು. ಸೊಸೆ ಬಾಗಿಲಲ್ಲಿ ನಿಂತು ಕೇಳಿದಳು, “ಎಷ್ಟಿವೆ ಅತ್ತೆ?”

“ಒಂದೂ ಇಲ್ಲ.”

“ಸರಿ,” ಎಂದು ಮಗುವನ್ನು ಅತ್ತೆಯ ಕೈಗಿಟ್ಟು ಸೊಸೆ ಸೀದಾ ಅಡುಗೆಮನೆಗೆ ನಡೆದಳು. “ಸೂಪ್ ಏನಾದ್ರೂ ಇದೆಯಾ? ಆಸ್ಪತ್ರೆ ಊಟ ತಿಂದು ನಾಲಿಗೆ ಸತ್ತುಹೋಗಿದೆ.”

ಕಂಡಕ್ಟರಮ್ಮ ಮಗುವನ್ನೆತ್ತಿಕೊಂಡು ಅವಳ ಹಿಂದೆಯೇ ಹೋದಳು. “ಅಲ್ಲಮ್ಮ, ಕೋಣೆ ನೋಡಲ್ವಾ?”

“ನೀವು ಇಲ್ಲ ಅಂದ ಮೇಲೆ ಇನ್ನೇನು ನೋಡೋದು ಅತ್ತೆ?” ಪಾತ್ರೆಯ ಮುಚ್ಚಳ ತೆಗೆಯುತ್ತಾ ತಿರುಗದೆಯೇ ಅಂದಳು ಸೊಸೆ. ಸೂಪನ್ನು ಬಟ್ಟಲಿಗೆ ಬಗ್ಗಿಸಿಕೊಂಡು, ದನಿ ತಗ್ಗಿಸಿ, “ಅವತ್ತು ನಾನು ಹಾಗನ್ನಬಾರದಿತ್ತು” ಎಂದಳು.

ಕಂಡಕ್ಟರಮ್ಮನ ಕಣ್ಣು ತುಂಬಿ ಬಂತು. ಮೂರು ಸಲ ಗುಡಿಸಿದ ಕೋಣೆಯನ್ನು ಯಾರೂ ನೋಡಲಿಲ್ಲವಲ್ಲ ಎಂಬ ಸಣ್ಣ ಮುನಿಸೂ ಬಂತು. ಎರಡನ್ನೂ ನುಂಗಿಕೊಂಡು, “ಹೋಗಲಿ ಬಿಡು, ಬಿಸಿ ಇರುವಾಗಲೇ ಕುಡಿ” ಎಂದು, ಮಗುವಿಗೆ ಕೋಣೆ ತೋರಿಸಲು ಹೊರಟಳು.